ಹೊರಡುವ ಮೊದಲಿನ ಎರಡು ಸೆಕೆಂಡು

ಚರ್ಚಾಸ್ಪರ್ಧೆಯಲ್ಲಿ ಐದು ನಿಮಿಷ ಎಂದರೆ ಐದು ನಿಮಿಷವಲ್ಲ. ವೇದಿಕೆ ಹತ್ತಿ, ಮೈಕು ಸರಿಮಾಡಿಕೊಂಡು, "ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ, ನನ್ನ ಪ್ರತಿವಾದಿಗಳೇ" ಎಂದು ಹೇಳಿ ಮುಗಿಸುವ ತನಕ ಗಡಿಯಾರ ಓಡುವುದಿಲ್ಲ. ವಿಷಯದ ಮೊದಲ ಮಾತು ಬಾಯಿಂದ ಹೊರಟ ಮೇಲೆ ಸಮಯ ನೋಡುವವರು ಗುಂಡಿ ಒತ್ತುತ್ತಾರೆ. ನಾಲ್ಕನೆಯ ನಿಮಿಷಕ್ಕೆ ಎಚ್ಚರಿಕೆಯ ಗಂಟೆ, ಐದಕ್ಕೆ ಕೊನೆಯ ಗಂಟೆ. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ನಾನು ಮಾತಾಡಿದ ಎಲ್ಲ ಶಾಲೆ, ಕಾಲೇಜುಗಳಲ್ಲಿ ಇದೇ ಪದ್ಧತಿ. ಯಾಕೆ ಹೀಗೆ ಎಂದು ಯಾರೂ ಕೇಳಿರಲಿಲ್ಲ. ಸಿಕ್ಕಿದ್ದಕ್ಕೆಲ್ಲ ಯಾಕೆ ಎಂದು ಕೇಳಿ ಮನೆಯವರ ತಲೆ ತಿನ್ನುತ್ತಿದ್ದ ನಾನೂ ಕೇಳಿರಲಿಲ್ಲ.

ನನ್ನ ಅಣ್ಣ ರೇಸಿನ ಡ್ರೈವರ್ ಆಗದೇ ಹೋದದ್ದಕ್ಕೆ ತಾಯಿ, ನಮ್ಮ ಉಮ್ಮ, ಕೊಡುವ ಕಾರಣ, ಯಾರದೋ ಕಣ್ಣು ಬಿತ್ತು. ತಂದೆ, ನಮ್ಮ ಉಪ್ಪ, ಕೊಡುವ ಕಾರಣ, ಕ್ಲಚ್ ಪ್ಲೇಟು. ಮೊದಲನೆಯದಕ್ಕೆ ಪುರಾವೆ ಇಲ್ಲ. ಎರಡನೆಯದು ಸುಳ್ಳೆಂದು ಗೊತ್ತಿರುವವರು ಮೂವರು, ಅವರಲ್ಲಿ ನಾನೊಬ್ಬಳು.

ಫರಂಗಿಪೇಟೆಯಲ್ಲಿ ನಮ್ಮ ಮನೆ ಹೆದ್ದಾರಿಗೆ ಅಂಟಿಕೊಂಡೇ ಇತ್ತು. ತೊಂಬತ್ತರ ದಶಕದ ಆ ರಸ್ತೆಯಲ್ಲಿ ಖಾಸಗಿ ಬಸ್ಸುಗಳು ಓಡುತ್ತಿದ್ದುದು ಡೀಸೆಲಿನ ಮೇಲಲ್ಲ, ನಿಮಿಷದ ಮೇಲೆ. ಮುಂದಿನ ಬಸ್ಸಿಗೂ ಹಿಂದಿನದಕ್ಕೂ ಇರುವುದು ಮೂರೋ ನಾಲ್ಕೋ ನಿಮಿಷ. ಒಂದು ನಿಮಿಷ ತಡವಾದರೆ ಹಿಂದಿನವನು ಬಂದು ನಿಮ್ಮ ಜನರನ್ನು ಎತ್ತಿಕೊಂಡು ಹೋಗುತ್ತಾನೆ. ಬಿ.ಸಿ.ರೋಡಿನಲ್ಲಿ ಕಂಡಕ್ಟರುಗಳು ಟೈಮಿಂಗಿನ ಹೆಸರಿನಲ್ಲಿ ಪರಸ್ಪರ ಕಾಲರ್ ಹಿಡಿಯುವುದನ್ನು ನೋಡಿಯೇ ನಾವು ಬೆಳೆದದ್ದು. ಎಂಟು ವರ್ಷದ ಅಣ್ಣ ಬಸ್ಸು ಹತ್ತಿದರೆ ಡ್ರೈವರಿನ ಹಿಂದಿನ ಸೀಟೇ ಆಗಬೇಕು. ಇಲ್ಲದ ಪೆಡಲುಗಳನ್ನು ಕಾಲಿನಿಂದ ಒತ್ತುತ್ತ, "ಈ ಜನ ತಿರುವಿನಲ್ಲಿ ಬ್ರೇಕ್ ಬೇಗ ಹಿಡೀತಾನೆ" ಎಂದು ಗೊಣಗುತ್ತಿದ್ದ.

"ನೀನೆಂತ, ಬಸ್ಸಿನ ಮಾಲಕನಾ?" ಎನ್ನುತ್ತಿದ್ದಳು ಉಮ್ಮ. "ಕಾಲು ಆಡಿಸಬೇಡ, ಚಪ್ಪಲಿ ಬೀಳ್ತದೆ."

ಉಪ್ಪ ಗಲ್ಫಿನಲ್ಲಿ ಒಂದು ಗೋದಾಮಿನ ಮೇಲ್ವಿಚಾರಕನಾಗಿದ್ದ. ಒಂದು ಬೇಸಿಗೆ ರಜೆಯಲ್ಲಿ ನಮ್ಮನ್ನು ಅಲ್ಲಿಗೆ ಕರೆಸಿಕೊಂಡ. ಹೊರಗೆ ಕಾಲಿಡಲಾಗದ ಸೆಕೆ. ಹಾಗಾಗಿ ಒಂದು ಶುಕ್ರವಾರ ಉಪ್ಪ ನಮ್ಮನ್ನು ಒಂದು ದೊಡ್ಡ ಶೆಡ್ಡಿನೊಳಗೆ ಕರೆದುಕೊಂಡು ಹೋದ. ಒಳಗೆ ಟಯರುಗಳ ಗೋಡೆ ಕಟ್ಟಿ ಮಾಡಿದ ಕಾರ್ಟ್ ಟ್ರ್ಯಾಕು. ಕಾರ್ಟ್ ಎಂದರೆ ನೆಲಕ್ಕೆ ಅಂಟಿಕೊಂಡ ಕುರ್ಚಿ, ನಾಲ್ಕು ಚಕ್ರ, ಬೆನ್ನ ಹಿಂದೆ ಇಂಜಿನು. ಗೇರಿಲ್ಲ, ಕ್ಲಚ್ಚಿಲ್ಲ, ಒಂದು ಕಾಲಿಗೆ ಓಡುವುದು, ಇನ್ನೊಂದು ಕಾಲಿಗೆ ನಿಲ್ಲುವುದು. ಹದಿಮೂರರ ಅಣ್ಣ ಅದರಲ್ಲಿ ಕೂತ. ಮುಗಿದ ಮೇಲೆ ಕೌಂಟರಿನಲ್ಲಿ ಒಂದು ಚೀಟಿ ಕೊಟ್ಟರು. ಅದರಲ್ಲಿ ಪ್ರತಿ ಸುತ್ತಿನ ಸಮಯ, ಮೇಲ್ಗಡೆ 'ಈ ದಿನದ ಅತಿ ವೇಗದ ಸುತ್ತು' ಎಂದು ಇಂಗ್ಲಿಷಿನಲ್ಲಿ. ಮೊದಲನೆಯ ಸುತ್ತಿನ ಜಾಗ ಮಾತ್ರ ಖಾಲಿ. ಹೊರಟು ವೇಗ ಹಿಡಿಯುವ ಸುತ್ತು ಲೆಕ್ಕಕ್ಕಿಲ್ಲವಂತೆ.

"ಇವತ್ತು ಬಂದ ಹದಿನೈದು ಜನರಲ್ಲಿ ಅತಿ ವೇಗ," ಎಂದೆ ನಾನು. "ಅದರಲ್ಲಿ ನಾಲ್ಕು ಜನ ನನಗಿಂತ ಸಣ್ಣವರು."

"ನಿನ್ನ ಬಾಯಿಗೆ ಒಂದು ಬ್ರೇಕ್ ಹಾಕು," ಎಂದ ಉಪ್ಪ. ಆ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡ. ಅಣ್ಣ ಮುಂದೆ ಏನಾದರೂ ಆದಾನು ಎಂದು ಉಪ್ಪನಿಗೆ ಅನ್ನಿಸಿದ್ದು ಅಲ್ಲಿಂದ.

ಪುಂಜಾಲಕಟ್ಟೆಯಲ್ಲಿ ಉಪ್ಪನ ಶಾಲೆಯ ಗೆಳೆಯರೊಬ್ಬರು ಬಸ್ಸು, ಜೀಪು ರಿಪೇರಿ ಮಾಡುತ್ತಿದ್ದರು. ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದುದರಿಂದ ಅವರ ಹೆಸರನ್ನು ನಾನು ಬಹಳ ಕಾಲ ಕೇಳಿಯೇ ಇರಲಿಲ್ಲ. ಉಪ್ಪ ಫೋನಿನಲ್ಲಿ ಏನು ಹೇಳಿದನೋ, ಅವರು ಗೇರಿಲ್ಲದ ಹಳೆಯ ಸ್ಕೂಟರಿನ ಇಂಜಿನು ತೆಗೆದು, ನೀರಿನ ಪೈಪು ಬೆಸೆದು ಒಂದು ಕಾರ್ಟ್ ಮಾಡಿದರು. ಗ್ಯಾರೇಜಿನ ಹಿಂದೆ ಕೆಲಸ ನಿಂತುಹೋದ ಕೆಂಪುಕಲ್ಲಿನ ಕೋರೆ ಇತ್ತು. ಕಲ್ಲು ಕಡಿದು ಮುಗಿದ ಮೇಲೆ ಉಳಿದ ತಳ ಕೇರಂ ಬೋರ್ಡಿನ ಹಾಗೆ ಸಪಾಟು. ಅಣ್ಣ ಭಾನುವಾರಗಳನ್ನು ಅಲ್ಲಿ ಕಳೆಯತೊಡಗಿದ.

ಅದೇ ವರ್ಷ ಬೆಳ್ತಂಗಡಿಯಲ್ಲಿ ನನಗೆ ಚರ್ಚೆಯ ಮೊದಲ ಬಹುಮಾನ ಬಂತು. ಸ್ಟೀಲಿನ ತಟ್ಟೆಯ ಬದಲು ಸ್ಟಾಪ್‌ವಾಚು ಕೊಟ್ಟಿದ್ದರು. ಮನೆಯಲ್ಲಿ ನಿಂತು ಅಭ್ಯಾಸ ಮಾಡುವಾಗ ನಾನೇ ನನ್ನ ಸಮಯ ಹಿಡಿಯುತ್ತಿದ್ದೆ.

"ಆ ವಾಚು ಹಿಡ್ಕೊಂಡು ಕೋರೆಗೆ ಬಾ," ಎಂದ ಅಣ್ಣ.

"ಯಾಕೆ? ಇರುವುದು ನಿನ್ನೊಬ್ಬನ ಗಾಡಿ. ಫಸ್ಟೂ ನೀನೇ, ಲಾಸ್ಟೂ ನೀನೇ."

"ಕಳೆದ ವಾರದ ನನ್ನೊಟ್ಟಿಗೆ ರೇಸ್ ಉಂಟು ಮಾರಾಯ್ತಿ. ಅವ ಗೆದ್ದನಾ ನಾನು ಗೆದ್ದೆನಾ ಅಂತ ಹೇಳ್ಲಿಕ್ಕೆ ಒಬ್ಬರು ಬೇಡವಾ?"

ವಾಚು ತೆಗೆದುಕೊಂಡು ಹೋದೆ.

ಸುಣ್ಣದಲ್ಲಿ ಒಂದು ಗೆರೆ ಹಾಕಿದೆವು. ಅಣ್ಣ ಗೆರೆಯ ಹಿಂದೆ ನಿಲ್ಲುತ್ತಿದ್ದ, ತನಗೆ ಸರಿ ಕಂಡಾಗ ಹೊರಡುತ್ತಿದ್ದ. ಗಾಡಿಯ ಮೂತಿ ಗೆರೆ ದಾಟಿದ ಕೂಡಲೇ ನಾನು ಗುಂಡಿ ಒತ್ತುತ್ತಿದ್ದೆ. ನಿಂತಲ್ಲಿ ಕೆಮ್ಮುವುದು, ಕನ್ನಡಕ ಸರಿಮಾಡುವುದು, ಸಭೆಗೆ ವಂದಿಸುವುದು ಎಲ್ಲ ಮುಗಿದ ಮೇಲೆ ತಾನೆ ವಿಷಯ ಆರಂಭವಾಗುವುದು? ನಾನು ಹಾಗೆಂದು ಯೋಚಿಸಿ ಒತ್ತಿದ್ದಲ್ಲ. ಯೋಚಿಸದೇ ಒತ್ತಿದ್ದು, ತೊಂದರೆ ಅದೇ. ಮೂರು ಸುತ್ತಿನ ಸಮಯ, ತಾರೀಕು, ನೆಲ ಒಣಗಿತ್ತೋ ಒದ್ದೆಯೋ, ಎಲ್ಲವನ್ನೂ ಚರ್ಚೆಯ ಅಂಶಗಳನ್ನು ಬರೆಯುವ ನೋಟುಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯುತ್ತಿದ್ದೆ. ಅಣ್ಣ ಸಮಯ ಕಡಿಮೆ ಮಾಡುತ್ತ ಬಂದ. ಅದು ನಿಜವಾಗಿಯೇ ಕಡಿಮೆಯಾಗುತ್ತಿತ್ತು. ಆ ಅಂಕಿಗಳಲ್ಲಿ ಸುಳ್ಳಿರಲಿಲ್ಲ. ಬರೆಯದೇ ಬಿಟ್ಟದ್ದು ಮಾತ್ರ ಇತ್ತು.

ನಾನು ಮೂಡುಬಿದಿರೆಯಲ್ಲಿ ಕಾಲೇಜಿಗೆ ಸೇರುವ ಹೊತ್ತಿಗೆ ಅಣ್ಣ ಅಲ್ಲೇ ಆಟೊಮೊಬೈಲ್ ಡಿಪ್ಲೊಮಾ ಓದುತ್ತಿದ್ದ. ಓದುವುದಕ್ಕಿಂತ ಹೆಚ್ಚು ಸಮಯ ಬಸ್‌ಸ್ಟ್ಯಾಂಡಿನ ಬಳಿಯ ಸೈಬರ್ ಕೆಫೆಯಲ್ಲಿ ಇರುತ್ತಿದ್ದ. ಉಪ್ಪ ರಜೆಗೆ ಬಂದಾಗ ತಂದುಕೊಟ್ಟ ಪ್ಲಾಸ್ಟಿಕ್ ಸ್ಟೇರಿಂಗನ್ನು ಅಲ್ಲಿನ ಮೂಲೆಯ ಕಂಪ್ಯೂಟರಿಗೆ ಸಿಕ್ಕಿಸಿದ್ದ. ಮೇಜಿನ ಕೆಳಗೆ ಎರಡು ಪೆಡಲು. ಪರದೆಯಲ್ಲಿ ಯಾವ ಯಾವುದೋ ದೇಶದ ಟ್ರ್ಯಾಕುಗಳು. ಒಬ್ಬನೇ ಸಮಯದ ವಿರುದ್ಧ ಓಡುವ ಆಟ. ಅದರಲ್ಲಿ ಕಾರು ಮೊದಲೇ ಓಡುತ್ತಿರುತ್ತದೆ, ಗೆರೆ ದಾಟಿದ ಮೇಲೆ ಗಡಿಯಾರ ಶುರುವಾಗುತ್ತದೆ.

"ಕುರ್ಚಿಯಲ್ಲಿ ಕೂತು ಓಡಿಸಿದರೆ ಅದು ಎಂತ ಓಟ?" ಎಂದೆ. "ಗುದ್ದಿದರೆ ನೋವಾಗುವುದಿಲ್ಲ. ನೋವಾಗದ್ದನ್ನು ಕಲಿತದ್ದು ಅಂತ ಹೇಗೆ ಹೇಳ್ತಿ?"

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನೀನು ಅಣುಬಾಂಬು ಬೇಕು ಅಂತ ಐದು ನಿಮಿಷ ಮಾತಾಡಿ ಕಪ್ ತಂದಿ. ಬೇಡ ಅಂತ ಮಾತಾಡಿ ಇನ್ನೊಂದು ತಂದಿ. ಅಣುಬಾಂಬು ನೋಡಿದ್ದೀಯಾ?"

ಪಕ್ಕದ ಕಂಪ್ಯೂಟರಿನವರು ನಕ್ಕರು. ಸೈಬರಿನ ಯಜಮಾನರು "ತಂಗಿ ಔಟ್" ಎಂದರು. ನಾನು ಸೋಲೊಪ್ಪದೇ, ಸೈಬರಿನಲ್ಲಿ ಕಲಿತದ್ದು ಕೋರೆಯಲ್ಲಿ ಕಾಣಬೇಕು, ಕಂಡರೆ ಒಪ್ಪುತ್ತೇನೆ ಎಂದು ಶರ್ತ ಹಾಕಿದೆ. ಒಂದೂವರೆ ತಿಂಗಳಲ್ಲಿ ಕಂಡಿತು. ತಿರುವಿಗೆ ಎಷ್ಟು ದೂರದಲ್ಲಿ ಬ್ರೇಕ್ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಅವನು ಪರದೆಯಲ್ಲಿ ಸಾವಿರ ಸಲ ತಪ್ಪಿ ಕಲಿತು ಬಂದಿದ್ದ. ನೋಟುಪುಸ್ತಕ ಸಾಕ್ಷಿ ಹೇಳಿತು. ಒಪ್ಪಿಕೊಂಡೆ.

ಹಾಗೆ ಕಾರ್ಟಿನಲ್ಲಿ ಕ್ಲಚ್ಚಿರಲಿಲ್ಲ, ಕಂಪ್ಯೂಟರಿನಲ್ಲಿ ಹೊರಡುವ ಕೆಲಸವೇ ಇರಲಿಲ್ಲ. ಆಮೇಲೆ ಕಾರು ಬಂತು.

ಅದು ಯಾರೋ ಬಿಟ್ಟುಹೋದ ಹಳೆಯ ಎಂಟುನೂರು ಸಿಸಿ ಕಾರು. ಮೇಸ್ತ್ರಿ ಅದರ ಹಿಂದಿನ ಸೀಟು, ದೀಪ, ಹಾರ್ನು, ಮ್ಯಾಟು ಎಲ್ಲ ಕಿತ್ತು, ಒಳಗೆ ಕಬ್ಬಿಣದ ಪಂಜರ ಬೆಸೆದಿದ್ದರು. ರಸ್ತೆಯಲ್ಲಿ ಓಡಿಸುವ ಹಾಗಿರಲಿಲ್ಲ. ಎಲ್ಲಿಗೆ ಹೋಗುವುದಾದರೂ ಜೀಪಿಗೆ ಹಗ್ಗ ಕಟ್ಟಿ ಎಳೆಯಬೇಕು. ಕೋರೆಯನ್ನು ದಾಟಿ ಪಕ್ಕದ ಖಾಲಿ ಜಾಗವನ್ನೂ ಸೇರಿಸಿ ಟ್ರ್ಯಾಕು ದೊಡ್ಡದು ಮಾಡಿಕೊಂಡೆವು. ಗೆರೆ ಮಾತ್ರ ಅದೇ, ವಾಚೂ ಅದೇ.

ಎರಡನೆಯ ತಿಂಗಳಲ್ಲಿ ಮೇಸ್ತ್ರಿ ಒಂದು ಮಾತು ಹೇಳಿದರು. ಕೈಯನ್ನು ಹತ್ತಿಬಟ್ಟೆಯಲ್ಲಿ ಒರೆಸುತ್ತ, ಅಣ್ಣನಿಗಲ್ಲ, ನನಗೆ.

"ತಿರುವಿನಲ್ಲಿ ಎಂತ ತೊಂದರೆ ಇಲ್ಲ. ಹೊರಡುವುದೇ ಸ್ವಲ್ಪ ಸರಿ ಇಲ್ಲ. ಇವ ಕ್ಲಚ್ಚಿನ ಹತ್ತಿರ ಅಪ್ಪಣೆ ಕೇಳಿ ಹೊರಡ್ತಾನೆ."

"ಎಷ್ಟು ನಿಧಾನ ಮೇಸ್ತ್ರಿ?"

"ಎಷ್ಟು ಅಂದರೆ? ನೋಡುವಾಗ ಗೊತ್ತಾಗ್ತದೆ."

"ನೋಡುವಾಗ ಸೂರ್ಯ ಕೂಡ ಭೂಮಿಗೆ ಸುತ್ತು ಬಂದ ಹಾಗೆ ಕಾಣ್ತದೆ. ಲೆಕ್ಕ ಹೇಳಿ. ಇಲ್ಲಿ ನೋಡಿ, ಹೋದ ತಿಂಗಳಿಗಿಂತ ಎರಡು ಸೆಕೆಂಡು ಕಡಿಮೆ. ನಿಧಾನ ಎಲ್ಲಿ ಉಂಟು?"

ಅವರು ನೋಟುಪುಸ್ತಕವನ್ನು ದೂರದಿಂದಲೇ ನೋಡಿದರು. ಕೈಯ ಎಣ್ಣೆ ತಾಗುತ್ತದೆಂದು ಮುಟ್ಟಲಿಲ್ಲ.

"ಅಯ್ಯೋ ಲಾಯರಮ್ಮ, ನಿಮ್ಮ ಹತ್ತಿರ ಮಾತಾಡಿ ಪೂರೈಸ್ಲಿಕ್ಕಿಲ್ಲ ನನಗೆ," ಎಂದು ನಕ್ಕು ಜೀಪಿನ ಕೆಳಗೆ ಹೋದರು. ಮತ್ತೆ ಆ ಮಾತು ಎತ್ತಲಿಲ್ಲ. ಗೆದ್ದೆ ಎಂದುಕೊಂಡೆ. ಎದುರಾಳಿ ಸುಮ್ಮನಾದರೆ ವಾದ ಸರಿ ಎಂದೇ ನಮಗೆ ಕಲಿಸಿದ್ದು.

ಡಿಪ್ಲೊಮಾ ಮುಗಿಯುತ್ತಿದ್ದಂತೆ ಉಪ್ಪನ ಫೋನು ಬಂತು. ಗೋದಾಮಿನಲ್ಲಿ ಒಂದು ಕೆಲಸ ಖಾಲಿ ಇದೆ, ವೀಸಾ ಸಿದ್ಧವಾಗುತ್ತದೆ. ಅದೇ ತಿಂಗಳು ಮೂಡುಬಿದಿರೆಯ ಮೈದಾನವೊಂದರಲ್ಲಿ ಮಣ್ಣಿನ ಟ್ರ್ಯಾಕಿನ ಕಾರ್ ರೇಸು ಇತ್ತು. ಹೊಸಬರ ವಿಭಾಗದ ಮೊದಲ ಮೂವರನ್ನು ಕೊಯಮತ್ತೂರಿನ ಒಂದು ತಂಡ ಡಾಂಬರು ಟ್ರ್ಯಾಕಿನ ತರಬೇತಿಗೆ ಕರೆದುಕೊಳ್ಳುತ್ತದೆ ಎಂದು ಗೊತ್ತಾಗಿತ್ತು. ಅಣ್ಣ ಉಪ್ಪನೊಡನೆ ಮಾತಾಡಿದ. ಸ್ಪೀಕರು ಹಾಕಿದ್ದರಿಂದ ನಮಗೂ ಕೇಳುತ್ತಿತ್ತು.

"ಮೂರರ ಒಳಗೆ ಬಂದರೆ ಕೊಯಮತ್ತೂರಿಗೆ ಹೋಗು," ಎಂದ ಉಪ್ಪ. "ವೀಸಾ ನಾನು ಬೇರೆಯವರಿಗೆ ಕೊಡ್ತೇನೆ. ಬಾರದಿದ್ದರೆ ಮರುಮಾತಿಲ್ಲದೆ ಇಲ್ಲಿಗೆ ಬಾ. ಆಯ್ತಾ?"

"ಆಯ್ತು," ಎಂದ ಅಣ್ಣ.

"ತಂಗಿ, ಕೇಳಿದೆಯಲ್ಲ? ನಾಳೆ ಇವನ ಪರವಾಗಿ ವಾದಕ್ಕೆ ಬರಬೇಡ."

ರೇಸಿನ ದಿನ ಮೈದಾನದ ಸುತ್ತ ಹಗ್ಗ ಕಟ್ಟಿದ್ದರು. ಒಂದೊಂದೇ ಕಾರು, ಎರಡು ಸುತ್ತು. ಬಾವುಟ ಹಿಡಿದವರು ಕೈ ಕೆಳಗಿಳಿಸಿದಾಗ ಹೊರಡಬೇಕು. ಸಮಯವನ್ನು ಕರಿಹಲಗೆಯಲ್ಲಿ ಬರೆಯುತ್ತಿದ್ದರು. ಅಣ್ಣ ಓಡಿಸಿದ್ದು ಚೆನ್ನಾಗಿತ್ತು. ನಾನು ಇದನ್ನು ತಂಗಿಯಾಗಿ ಹೇಳುತ್ತಿಲ್ಲ. ಕೊನೆಯ ತಿರುವಿನಲ್ಲಿ ಉಳಿದವರೆಲ್ಲ ಅಗಲಕ್ಕೆ ಹೋಗಿ ಧೂಳು ಎಬ್ಬಿಸಿದರೆ ಅವನು ಒಳಗಿನ ಅಂಚು ಬಿಡದೇ ಬಂದ. ಹಗ್ಗದ ಬಳಿ ನಿಂತು ನಾನು ವಾಚು ನಿಲ್ಲಿಸಿದೆ: ಒಂದು ನಿಮಿಷ ಹದಿನೆಂಟು ಸೆಕೆಂಡು, ಮೇಲೆ ನಾಲ್ಕು ದಶಾಂಶ. ಆಗ ಹಲಗೆಯಲ್ಲಿದ್ದ ಎಲ್ಲರಿಗಿಂತ ಕಡಿಮೆ.

ಹಲಗೆಯಲ್ಲಿ ಅವನ ಹೆಸರಿನ ಮುಂದೆ ಒಂದು ನಿಮಿಷ ಇಪ್ಪತ್ತು ಸೆಕೆಂಡು ಮೂರು ದಶಾಂಶ ಎಂದು ಬರೆದರು. ನಾಲ್ಕನೆಯ ಸ್ಥಾನ. ಮೂರನೆಯವನದು ಒಂದು ನಿಮಿಷ ಹತ್ತೊಂಬತ್ತು ಸೆಕೆಂಡು ಆರು ದಶಾಂಶ.

ನಾನು ನೇರ ಅಧಿಕಾರಿಗಳ ಮೇಜಿಗೆ ಹೋದೆ. ಇಂಥ ಕಡೆಗೆ ಹೋಗಲೆಂದೇ ನಾನು ತಯಾರಾದವಳು. ಬೆಂಗಳೂರಿನಿಂದ ಬಂದಿದ್ದ, ಟೋಪಿ ಹಾಕಿದ್ದ ಹಿರಿಯರೊಬ್ಬರು ಸಮಯ ಹಿಡಿಯುತ್ತಿದ್ದರು.

"ನಿಮ್ಮ ವಾಚು ಎರಡು ಸೆಕೆಂಡು ತಪ್ಪು ತೋರಿಸ್ತದೆ," ಎಂದೆ. "ನನ್ನ ಹತ್ತಿರ ಪುರಾವೆ ಉಂಟು."

ಅವರು ನನ್ನ ವಾಚು ತೆಗೆದುಕೊಂಡು ನೋಡಿ ವಾಪಸು ಕೊಟ್ಟರು. "ಒಳ್ಳೆ ವಾಚು. ಬೇರೆಯವರದ್ದೂ ಹಿಡಿದಿದ್ದೀರಾ?"

"ಇಲ್ಲ. ಅಣ್ಣನದು ಮಾತ್ರ."

"ಹಾಗಾದ್ರೆ ಇಲ್ಲೇ ನಿಂತ್ಕೊಳ್ಳಿ. ಮುಂದಿನ ಗಾಡಿ ಇಬ್ರೂ ಹಿಡಿಯೋಣ."

ಮುಂದಿನ ಕಾರು ಬಂದು ನಿಂತಿತು. ಬಾವುಟ ಇಳಿಯಿತು. ಅವರ ಹೆಬ್ಬೆರಳು ಒತ್ತಿದ್ದು ನನ್ನ ಕಣ್ಣಿಗೆ ಬಿತ್ತು. ಆಮೇಲೆ ಕಾರು ಗೆರೆ ಬಿಟ್ಟಿತು. ಆಮೇಲೆ ನಾನು ಒತ್ತಿದೆ.

ಎರಡು ಸುತ್ತು ಮುಗಿದಾಗ ನಮ್ಮಿಬ್ಬರ ನಡುವಿನ ವ್ಯತ್ಯಾಸ ಏಳು ದಶಾಂಶ.

"ಬಾವುಟ ಬಿದ್ದಾಗ ಒತ್ಬೇಕು ಮೇಡಂ," ಎಂದರು ಅವರು, ಬಯ್ಯದೆ. "ಗಾಡಿ ಹೊರಟಾಗ ಅಲ್ಲ. ಹೊರಡೋದೂ ಓಟಾನೇ."

ಉಳಿದ ಲೆಕ್ಕವನ್ನು ನಾನೇ ಮಾಡಬಲ್ಲವಳಾಗಿದ್ದೆ. ಆ ಗಾಡಿಯವನು ಬಾವುಟ ನೋಡಿ ಹೊರಡಲು ಏಳು ದಶಾಂಶ. ಅಣ್ಣ ಹೊರಡಲು ಒಂದು ಸೆಕೆಂಡು ಒಂಬತ್ತು ದಶಾಂಶ. ಹೆಚ್ಚಾದದ್ದು ಒಂದು ಸೆಕೆಂಡು ಎರಡು ದಶಾಂಶ. ಮೂರನೆಯವನಿಗೆ ಅವನು ಸೋತದ್ದು ಬರೇ ಏಳು ದಶಾಂಶದಿಂದ. ಆ ಗಾಡಿಯವನಂತೆ ಹೊರಟಿದ್ದರೆ ಸಾಕಿತ್ತು. ಮೇಜಿನವರಿಗೆ ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ.

ನಾನು ವಾಪಸು ಬರುವಾಗ ಮೇಸ್ತ್ರಿ ಮೊಬೈಲಿನಲ್ಲಿ ಉಪ್ಪನಿಗೆ ಜೋರಾಗಿ ಹೇಳುತ್ತಿದ್ದರು: "ಪ್ಲೇಟ್ ಮಾರಾಯ, ಕ್ಲಚ್ ಪ್ಲೇಟ್! ಸಮಯಕ್ಕೆ ಸರಿಯಾಗಿ ಕೈಕೊಟ್ಟಿತು. ಮಗನದ್ದು ಎಂತ ತಪ್ಪಿಲ್ಲ. ಫಸ್ಟ್ ಕ್ಲಾಸ್ ಓಡಿಸಿದ್ದಾನೆ."

ಕಾರನ್ನು ಜೀಪಿಗೆ ಕಟ್ಟಿ ಪುಂಜಾಲಕಟ್ಟೆಗೆ ಹೊರಟೆವು. ಮೇಸ್ತ್ರಿ ಜೀಪಿನಲ್ಲಿ, ನಾವಿಬ್ಬರು ಹಿಂದೆ ಕಾರಿನಲ್ಲಿ. ಎಳೆಸಿಕೊಳ್ಳುವ ಕಾರಿನಲ್ಲಿ ಸದ್ದಿರುವುದಿಲ್ಲ. ಹಗ್ಗ ಸಡಿಲಾಗದ ಹಾಗೆ ಬ್ರೇಕ್ ಸ್ವಲ್ಪ ಸ್ವಲ್ಪ ಹಿಡಿಯುತ್ತ ಇರಬೇಕು. ಅಣ್ಣನ ಕಣ್ಣು ಹಗ್ಗದ ಮೇಲಿತ್ತು.

"ಪ್ಲೇಟ್ ಅಲ್ಲ," ಎಂದೆ.

ಅವನು ಬ್ರೇಕ್ ಸ್ವಲ್ಪ ಹಿಡಿದು ಬಿಟ್ಟ.

"ಹೊರಡುವಾಗ ನೀನು ಎರಡು ಸೆಕೆಂಡು ನಿಲ್ತಿ. ಕಾರು ಬಂದಾಗಿನಿಂದ ನಿಲ್ತಿ. ನಾನು ಒಂದು ದಿನವೂ ಅದನ್ನು ಹಿಡೀಲಿಲ್ಲ. ಗೆರೆ ದಾಟಿದ ಮೇಲೆ ಒತ್ತುತ್ತಿದ್ದೆ."

"ನಿಂತದ್ದು ಯಾರು?"

"ನೀನು."

"ಹಾಗಾದರೆ ನಿನ್ನದೆಂತ ಅದರಲ್ಲಿ?"

"ಮೇಸ್ತ್ರಿ ಹೇಳಿದ್ರು. ನಾನು ಅವರ ಬಾಯಿ ಮುಚ್ಚಿಸಿದೆ."

ಜೀಪು ಒಂದು ಏರು ಹತ್ತಿತು. ಹಗ್ಗ ಬಿಗಿಯಿತು.

"ಅದು ಹೌದು," ಎಂದ ಅಣ್ಣ.

ನಾನು ಅವನ ಕಡೆಯ ವಾದವನ್ನೂ ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದೆ: ಪರವಾಗಿಲ್ಲ ಬಿಡು, ನಿನ್ನ ತಪ್ಪೇನಿಲ್ಲ, ಇತ್ಯಾದಿ. ಅವನು ಅದನ್ನು ಹೇಳಲಿಲ್ಲ. ಇಲ್ಲಿಯವರೆಗೂ ಹೇಳಿಲ್ಲ. ಅದಕ್ಕಾಗಿ ನನಗೆ ಅವನ ಮೇಲೆ ಗೌರವವಿದೆ.

ಮರುದಿನ ಬೆಳಿಗ್ಗೆ ಅವನೇ ನನ್ನನ್ನು ಎಬ್ಬಿಸಿದ. "ಕೋರೆಗೆ ಹೋಗುವ. ವಾಚು ತೆಗೊ. ಒಂದು ಕರ್ಚೀಫೂ ತೆಗೊ."

ಗ್ಯಾರೇಜಿನಲ್ಲಿ ಮೇಸ್ತ್ರಿ ಕೀ ಕೊಡಲು ಹಿಂದೆ ಮುಂದೆ ನೋಡಿದರು.

"ಪ್ಲೇಟ್ ಹೋಗಿದೆ ಅಂದೆನಲ್ಲ ಮಾರಾಯ?"

"ಹೋಗಿದೆಯಾ?" ಎಂದು ಕೇಳಿದೆ ನಾನು.

ಅವರು ನನ್ನನ್ನು ನೋಡಿದರು, ಆಮೇಲೆ ಅಣ್ಣನನ್ನು. "ಇಲ್ಲ. ಸರಿ ಉಂಟು. ನಿಮ್ಮ ಉಪ್ಪ ಅಲ್ಲಿ ಗೋದಾಮಿನವರಿಗೆಲ್ಲ ಮಗನ ರೇಸು ಅಂತ ಹೇಳಿ ಕೂತಿದ್ದಾನೆ. ಅವನಿಗೂ ನಾಳೆ ಹೇಳ್ಲಿಕ್ಕೆ ಎಂತಾದರೂ ಬೇಡವಾ?"

"ಮೇಸ್ತ್ರಿ, ಆ ದಿನ ನೀವು ಹೇಳಿದ್ದು ಸರಿ ಇತ್ತು," ಎಂದೆ.

"ಯಾವ ದಿನ?" ಎಂದರು. ನೆನಪಿಲ್ಲದವರ ಹಾಗೆ ಮಾಡಿದರೋ, ನಿಜವಾಗಿ ಮರೆತಿದ್ದರೋ, ನನಗೆ ಇನ್ನೂ ಗೊತ್ತಿಲ್ಲ. ಕೀಯನ್ನು ಅಣ್ಣನ ಕಡೆಗೆ ಎಸೆದರು.

ಕೋರೆಯಲ್ಲಿ ನಾನು ಎಡಗೈಯಲ್ಲಿ ಬಾವುಟದ ಹಾಗೆ ಕರ್ಚೀಫು ಹಿಡಿದು ಕೆಳಗಿಳಿಸುತ್ತಿದ್ದೆ, ಬಲಗೈಯಲ್ಲಿ ಒತ್ತುತ್ತಿದ್ದೆ. ಗಾಡಿಯ ಮೂತಿ ಗೆರೆ ದಾಟಿದ ಕೂಡಲೇ ನಿಲ್ಲಿಸುತ್ತಿದ್ದೆ. ಅವನು ಹತ್ತು ಮಾರು ಹೋಗಿ ತಿರುಗಿ ಬರುತ್ತಿದ್ದ. ಎರಡು ಸೆಕೆಂಡು. ಒಂದು ಸೆಕೆಂಡು ಎಂಟು ದಶಾಂಶ. ಒಂದು ಒಂಬತ್ತು. ಮೇಸ್ತ್ರಿ ಕಿಟಕಿಯ ಬಳಿ ಬಗ್ಗಿ, "ಕ್ಲಚ್ಚು ಪೂರಾ ಬಿಡಬೇಡ, ಗಾಡಿ ಎಳೀಲಿಕ್ಕೆ ಶುರುಮಾಡುವ ಕಡೆ, ಕಚ್ಚುವಲ್ಲಿ ತಂದು ಇಟ್ಕೋ. ಬಾವುಟ ನೋಡಿದ ಮೇಲೆ ಹುಡುಕುವುದಲ್ಲ ಅದನ್ನು" ಎಂದರು. ಇಂಜಿನು ಆರು ಸಲ ನಿಂತುಹೋಯಿತು. ಆಮೇಲೆ ಒಂದು ನಾಲ್ಕು, ಒಂದು ಒಂದು. ಬಿಸಿಲು ಏರಿ ಕೋರೆಯ ಗೋಡೆ ಕಾಯತೊಡಗಿದಾಗ ಎಂಟು ದಶಾಂಶ ಬಂತು. ಇನ್ನೊಮ್ಮೆ ಎಂಟು. ನಾನು ಎಲ್ಲವನ್ನೂ ಬರೆದುಕೊಂಡೆ.

"ಇನ್ನೊಂದು ಮಾಡುವ?" ಎಂದೆ.

"ಸಾಕು ಮಾರಾಯ್ತಿ," ಎಂದು ಅಣ್ಣ ಇಂಜಿನು ಆರಿಸಿದ. "ಗೊತ್ತಾಯ್ತಲ್ಲ."

ಉಪ್ಪನಿಗೆ ಮತ್ತೆ ಫೋನು ಮಾಡಿ ಇನ್ನೊಂದು ವರ್ಷ ಕೇಳಬಹುದಿತ್ತು. ನನ್ನ ಬಳಿ ವಾದವಿತ್ತು, ಅಂಕಿಗಳಿದ್ದವು. ಅಣ್ಣ ಬೇಡವೆಂದ. "ಆಯ್ತು ಅಂತ ಹೇಳಿದ್ದೇನೆ," ಎಂದ. ಮೂರು ವಾರದಲ್ಲಿ ವೀಸಾ ಬಂತು, ಅವನು ಹೋದ. ಮೊದಲು ಗೋದಾಮಿನ ಲೆಕ್ಕದ ಮೇಜು, ಅಲ್ಲಿನ ಲೈಸೆನ್ಸು ಸಿಕ್ಕಿದ ಮೇಲೆ ಸಾಮಾನು ಸಾಗಿಸುವ ವ್ಯಾನು. ಉಪ್ಪ ಈಗಲೂ ಯಾರಾದರೂ ಕೇಳಿದರೆ ಕ್ಲಚ್ ಪ್ಲೇಟಿನ ಕಥೆ ಹೇಳುತ್ತಾನೆ, ಸ್ಪೀಕರಿನಲ್ಲಿ ನನಗೂ ಕೇಳುವ ಹಾಗೆ. ಬೇರೆ ಯಾರ ಬಾಯಿಂದ ಬಂದಿದ್ದರೂ ಆ ಮಾತನ್ನು ನಾನು ಅರ್ಧ ನಿಮಿಷದಲ್ಲಿ ಬೀಳಿಸುತ್ತಿದ್ದೆ. ಉಪ್ಪನದನ್ನು ಇದುವರೆಗೆ ತಿದ್ದಿಲ್ಲ.

ಕಳೆದ ವರ್ಷ ಊರಿಗೆ ಬಂದವರೊಬ್ಬರ ಕೈಯಲ್ಲಿ ಅಣ್ಣ ಉಮ್ಮನಿಗೆ ಬಟ್ಟೆ, ನನಗೆ ಒಂದು ಲಕೋಟೆ ಕಳಿಸಿದ್ದ. ಒಳಗೆ ಕಾರ್ಟ್ ಟ್ರ್ಯಾಕಿನ ಚೀಟಿ. ಯಾವುದೋ ಶುಕ್ರವಾರ ಹೋಗಿದ್ದಾನೆ. ಈ ದಿನದ ಅತಿ ವೇಗದ ಸುತ್ತು, ಅವನ ಹೆಸರು. ಅಂದು ಎಷ್ಟು ಜನ ಬಂದಿದ್ದರೋ ನಾನು ಕೇಳಲಿಲ್ಲ. ಮೊದಲ ಸುತ್ತಿನ ಜಾಗ ಎಂದಿನಂತೆ ಖಾಲಿ. ಅದರ ಸುತ್ತ ಅವನು ಪೆನ್ನಿನಲ್ಲಿ ಒಂದು ಚೌಕ ಹಾಕಿದ್ದ. ಹಿಂಬದಿಯಲ್ಲಿ, ಶಾಲೆಯಲ್ಲಿ ಕಲಿತ ಅದೇ ದುಂಡು ಅಕ್ಷರದಲ್ಲಿ ಒಂದು ಸಾಲು ಬರೆದಿದ್ದ:

"ಹೊರಟದ್ದನ್ನು ಇವರೂ ಹಿಡಿಯುವುದಿಲ್ಲ. ಹೇಳಿ ನೋಡಿದೆ, ಕೇಳುವುದಿಲ್ಲ. ನೀನು ಬಂದು ವಾದ ಮಾಡು."